ತಪ್ಪಾಯಿತು ಎಂದು ಹೇಳುವುದೂ ಇಬಾದತ್

(ಕಣಕುಂಬಿಯಲ್ಲಿ ನಡೆದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣ)



ಮಲಪ್ರಭೆ ಹುಟ್ಟುವ ಊರಿಗೆ ಬಂದಿದ್ದೇವೆ. ಇಲ್ಲಿಯ ಈ ಸಣ್ಣ ನೀರೇ ಮುಂದೆ ಸವದತ್ತಿಯ ಅಣೆಕಟ್ಟನ್ನು ತುಂಬಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹರಿಯುವ ನೀರು ಕಂಡಾಗ ನನಗೆ ಯಹೂದಿಗಳ ಒಂದು ಪದ್ಧತಿ ನೆನಪಾಗುತ್ತದೆ. ತಮ್ಮ ಹೊಸವರ್ಷದಂದು ಅವರು ನದಿ ಅಥವಾ ಸಮುದ್ರದ ದಡದಲ್ಲಿ ನಿಂತು, ನಮ್ಮ ಪಾಪಗಳನ್ನು ನೀರಿಗೆ ಎಸೆದುಬಿಡು ಎಂದು ದೇವರಲ್ಲಿ ಬೇಡುತ್ತಾರೆ. ಪಾಪ ಅಷ್ಟು ಸುಲಭವಾಗಿ ತೇಲಿಹೋಗುವುದಿಲ್ಲವೆಂದು ಅವರಿಗೂ ಗೊತ್ತು. ಆದ್ದರಿಂದಲೇ ಆ ತಿಂಗಳ ಹತ್ತನೆಯ ದಿನ ಯೋಮ್ ಕಿಪ್ಪೂರ್ ಉಪವಾಸವಿದೆ. ಅಂದು ಒಂದೊಂದು ತಪ್ಪಿನ ಹೆಸರು ಹೇಳಿ, ಮುಷ್ಟಿಯಿಂದ ಎದೆ ತಟ್ಟಿಕೊಳ್ಳುತ್ತಾರೆ. ಇದಕ್ಕೆ ‘ವಿದ್ದೂಯಿ’ ಎಂದು ಹೆಸರು.

ಯಹೂದಿಗಳ ಮಾತು ಈ ಕಾಡಿನಲ್ಲಿ ಏಕೆ ಎನ್ನಬೇಡಿ. ಈ ಘಟ್ಟದ ಕೆಳಗಿನ ಕರಾವಳಿ ಹಿಡಿದು ಉತ್ತರಕ್ಕೆ ಹೋದರೆ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲರು ಶತಮಾನಗಳ ಕಾಲ ಗಾಣ ನಡೆಸಿ ಬದುಕಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಜನ ಅವರನ್ನು ‘ಶನಿವಾರ ತೇಲಿ’ ಎಂದರು. ಮನೆಮಾತು ಮರಾಠಿ. ಯೋಮ್ ಕಿಪ್ಪೂರಿಗೆ ಅವರಲ್ಲಿದ್ದ ಹೆಸರು ‘ದರ್ಫಾಳ್ನಿಚಾ ಸಣ’, ಅಂದರೆ ಬಾಗಿಲು ಮುಚ್ಚುವ ಹಬ್ಬ. ಬಿಳಿ ಬಟ್ಟೆ ತೊಟ್ಟು, ದಿನವಿಡೀ ಮನೆಯೊಳಗೇ ಇರುತ್ತಿದ್ದರು.

ನಮ್ಮಲ್ಲಿ ತೌಬಾ, ಹೀಬ್ರೂವಿನಲ್ಲಿ ತೆಶುವಾ. ಎರಡಕ್ಕೂ ಮರಳುವುದು ಎಂದೇ ಅರ್ಥ. ಆದರೆ ಮುಚ್ಚಿದ ಬಾಗಿಲ ಹಿಂದೆ ಅತ್ತರೆ ಸಾಕೇ? ಸಾಲದು ಎಂದವರು ಮೂಸಾ ಬಿನ್ ಮೈಮೂನ್. ಕುರ್ತುಬಾದಲ್ಲಿ ಹುಟ್ಟಿ, ಸುಲ್ತಾನ್ ಸಲಾಹುದ್ದೀನರ ಆಸ್ಥಾನದಲ್ಲಿ ವೈದ್ಯರಾಗಿದ್ದು, 1204ರಲ್ಲಿ ತೀರಿಕೊಂಡ ಯಹೂದಿ ವಿದ್ವಾಂಸರು. ದೇವರಿಗೂ ನಿನಗೂ ನಡುವಿನ ತಪ್ಪನ್ನು ಊರಿಗೆಲ್ಲ ಸಾರಬೇಡ ಎಂದು ಅವರು ಬರೆದರು. ನಮ್ಮ ಉಲಮಾಗಳೂ ಇದನ್ನೇ ಹೇಳುತ್ತಾರೆ. ಆದರೆ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ನಾಲ್ಕು ಜನರೆದುರು ಒಪ್ಪಿಕೊಳ್ಳುವುದೇ ಮೆಚ್ಚತಕ್ಕದ್ದು ಎಂದರು. ನೊಂದವನನ್ನು ಒಲಿಸದೆ ಯೋಮ್ ಕಿಪ್ಪೂರ್ ಕೂಡ ಆ ಪಾಪವನ್ನು ಅಳಿಸುವುದಿಲ್ಲ. ಅವನು ಸತ್ತಿದ್ದರೆ ಹತ್ತು ಜನರನ್ನು ಗೋರಿಯ ಬಳಿಗೆ ಕರೆದೊಯ್ದು ಅವರೆದುರು ಹೇಳಬೇಕು! ಹುಕೂಕುಲ್ ಇಬಾದ್ ಬಗ್ಗೆ ಕೇಳಿ ಬೆಳೆದ ನಮಗೆ ಇದು ಪರಕೀಯವೇನಲ್ಲ.

ನನ್ನಂಥ ಮೇಷ್ಟ್ರುಗಳಿಗೆ ಇನ್ನೊಂದು ಪಾಠವಿದೆ. ಬಾಬಿಲೋನಿನ ರಾವಾ ಎಂಬ ಗುರು, ತಾನು ಕಲಿಸಿದ್ದು ತಪ್ಪೆಂದು ತಿಳಿದಾಗ ಅದನ್ನು ಶಿಷ್ಯರ ಸಭೆಯಲ್ಲೇ ಸಾರಿದ್ದು ತಲ್ಮೂದಿನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ. ಶಿಷ್ಯರೆದುರು ಗುರುವಿನ ಗೌರವ ಕಡಿಮೆಯಾಗುತ್ತದೆಂದು ಅವರಿಗೆ ಅನಿಸಲಿಲ್ಲ. ನನಗೆ ಅನಿಸಿತ್ತು.

ಕೆಲಸಕ್ಕೆ ಸೇರಿದ ಹೊಸತು. ಶಾಲೆಯ ಗ್ರಂಥಾಲಯದ ಒಂದು ನಿಘಂಟು ಕಾಣೆಯಾಯಿತು. ಕೊನೆಗೆ ಅದನ್ನು ಕೈಯಲ್ಲಿ ಹಿಡಿದಿದ್ದ ಹುಡುಗನನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ ಕಳ್ಳ ಎಂದೆ. ಅವನ ತಂದೆ ಹಮಾಲಿ ಕೆಲಸದವರು. ಸಾಲ ಮಾಡಿ ದಂಡ ಕಟ್ಟಿದರು. ಎರಡು ತಿಂಗಳ ನಂತರ ಆ ನಿಘಂಟು ನನ್ನ ಮನೆಯ ಕಪಾಟಿನಲ್ಲೇ ಸಿಕ್ಕಿತು. ನಾನೇ ತಂದು ಮರೆತಿದ್ದೆ. ಯಾರಿಗೂ ತಿಳಿಯದಂತೆ ಗ್ರಂಥಾಲಯದಲ್ಲಿಟ್ಟು, "ಸಿಕ್ಕಿತು" ಎಂದಷ್ಟೇ ಹೇಳಿದೆ. ದಂಡದ ಹಣ ಮರಳಿತು. ಹೆಸರು ಮರಳಲಿಲ್ಲ. ಹುಡುಗ ಮರುವರ್ಷ ಶಾಲೆಗೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅವನ ಅಂಗಡಿ ಹುಡುಕಿಕೊಂಡು ಹೋಗಿ ನಿಜ ಹೇಳಿದೆ. ಚಹಾ ತರಿಸಿದ. ಬಹಳ ಹೊತ್ತು ಸುಮ್ಮನಿದ್ದು, "ಸರ್, ಕ್ಲಾಸಿನಾಗ ಎಲ್ಲಾರ ಮುಂದ ಅಂದ್ರಿ. ಈಗ ನನ್ನೊಬ್ಬನ ಮುಂದ ಹೇಳಾಕತ್ತೀರಿ" ಎಂದ.

ಆ ತರಗತಿಯ ಮಕ್ಕಳನ್ನು ಈಗ ಎಲ್ಲಿಂದ ಕೂಡಿಸಲಿ? ಇಂದು ನೀವು ಇದ್ದೀರಿ. ಅವನ ಒಪ್ಪಿಗೆ ಕೇಳಿಯೇ ಬಂದಿದ್ದೇನೆ. ಪುಸ್ತಕ ನನ್ನ ಮನೆಯಲ್ಲಿತ್ತು. ಅವನು ಕದ್ದಿರಲಿಲ್ಲ.