ಇನ್ನೂರು ಕಾಗದಕ್ಕೆ ಒಂದು ಓಟು

(ಬೆಂಗಳೂರಿನಲ್ಲಿ ನಡೆದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮೆಷಿನ್ನಿಗೆ ಕೈ ಹಾಕಿದವನು. ಚುನಾವಣೆ ಬಂತೆಂದರೆ ನಮ್ಮ ಪ್ರೆಸ್ಸಿಗೆ ಸುಗ್ಗಿ. ಆದರೂ ಇವತ್ತು ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಳ್ಳುವ ಮಾತು ಆಡಲು ನಿಂತಿದ್ದೇನೆ.

ಅದಕ್ಕೆ ಕಾರಣನಾದವನು ಇಲ್ಲೇ ಕೂತಿದ್ದಾನೆ, ಹೆಸರು ಹೇಳುವುದಿಲ್ಲ. ವಾರ್ಡ್ ಚುನಾವಣೆಗೆ ನಿಲ್ಲಬೇಕೆಂದು ಹೊರಟಿರುವ ಹುಡುಗ. "ಅಣ್ಣಾ, ಅಪ್ಪನ ಸೈಟು ಅಡ ಇಡ್ತೀನಿ. ಎರಡು ಲಕ್ಷ ಕರಪತ್ರ ಹೊಡೆದುಕೊಡಿ. ಉಳಿದ ದುಡ್ಡಲ್ಲಿ ಮೊಬೈಲ್ ಪ್ರಚಾರಕ್ಕೆ ಕಂಪನಿ ಹಿಡೀತೀನಿ. ಅಮೆರಿಕಾದಲ್ಲೆಲ್ಲಾ ಹೀಗೇ ಗೆಲ್ಲೋದು" ಅಂದ. ಸರಿ, ಅಮೆರಿಕಾದಲ್ಲಿ ಹೇಗೆ ಗೆಲ್ಲುತ್ತಾರೆ, ಹೇಗೆ ಸೋಲುತ್ತಾರೆ, ಅದನ್ನೇ ನೋಡೋಣ.

ಅಲ್ಲೂ ಆಟ ಶುರುವಾಗಿದ್ದು ಕಾಗದದಿಂದಲೇ. 1964ರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಬ್ಯಾರಿ ಗೋಲ್ಡ್‌ವಾಟರ್ ಮಣ್ಣುಮುಕ್ಕಿದರು. 50 ರಾಜ್ಯಗಳಲ್ಲಿ ಗೆದ್ದದ್ದು ಬರೀ 6. ಸೋತವರ ಮನೆಯಲ್ಲಿ ಏನು ಸಿಗುತ್ತದೆ ಅಂತೀರಾ? ರಿಚರ್ಡ್ ವಿಗರಿ ಎಂಬ ಚುರುಕು ಆಸಾಮಿಗೆ ಗೊತ್ತಿತ್ತು. 50 ಡಾಲರ್ ಮತ್ತು ಮೇಲ್ಪಟ್ಟು ದೇಣಿಗೆ ಕೊಟ್ಟವರ ಹೆಸರು, ವಿಳಾಸ ಸರ್ಕಾರಿ ದಫ್ತರದಲ್ಲಿ ಇದ್ದವು. ಯಾರು ಬೇಕಾದರೂ ನೋಡಬಹುದಿತ್ತು. ಈತ ಹೋಗಿ ಕೂತು ಕೈಬರಹದಲ್ಲಿ ನಕಲು ಮಾಡಿಕೊಂಡ, ಜನರನ್ನಿಟ್ಟು ಬರೆಸಿದ. 12,500 ಹೆಸರು! ಅವನ್ನು ಕಂಪ್ಯೂಟರ್ ಟೇಪಿಗೆ ಏರಿಸಿ, ಒಬ್ಬೊಬ್ಬರಿಗೂ ಅಂಚೆಯಲ್ಲಿ ಕಾಗದ ಹಾಕತೊಡಗಿದ. ಒಮ್ಮೆ ಕೊಟ್ಟವನು ಮತ್ತೆ ಕೊಡುತ್ತಾನೆ ಎಂಬುದೇ ಅವನ ಬಂಡವಾಳ. 1980ರಲ್ಲಿ ರೇಗನ್ ಗೆದ್ದ ಹೊತ್ತಿಗೆ ಅಮೆರಿಕಾದ ಬಲಪಂಥ ಬೆಳೆದು ನಿಂತಿತ್ತಲ್ಲ, ಅದರ ಹಿಂದೆ ಈ ಅಂಚೆ ಚೀಲಗಳ ಪಾಲು ಸಣ್ಣದಲ್ಲ.

ಇವತ್ತಿನ ಡಾಟಾ-ಗೀಟಾ ಎಲ್ಲ ಆ ಪಟ್ಟಿಯ ಮೊಮ್ಮಕ್ಕಳು. 2012ರಲ್ಲಿ ಒಬಾಮಾ ಕಡೆಯವರು ಒಂದೇ ಇ-ಮೇಲಿಗೆ ಹಲವು ತಲೆಬರಹ ಬರೆದು, ಮೊದಲು ಸ್ವಲ್ಪ ಜನಕ್ಕೆ ಕಳಿಸಿ ನೋಡುತ್ತಿದ್ದರು. "ನನಗಿಂತ ಎದುರಾಳಿ ಹೆಚ್ಚು ಖರ್ಚು ಮಾಡುತ್ತಾನೆ" ಎಂಬರ್ಥದ ತಲೆಬರಹ ಗೆದ್ದಿತು. ಆ ಒಂದು ಪತ್ರಕ್ಕೆ 26 ಲಕ್ಷ ಡಾಲರಿಗೂ ಹೆಚ್ಚು ಬಂತು. ಅತಿ ಸಪ್ಪೆ ತಲೆಬರಹ ಹಾಕಿದ್ದರೆ ಅದರ ಆರನೇ ಒಂದು ಪಾಲೂ ಬರುತ್ತಿರಲಿಲ್ಲ ಎಂದು ಅವರದೇ ಲೆಕ್ಕ. ನಾವು ಪ್ರೆಸ್ಸಿನವರು ಗಿರಾಕಿಗೆ "ಹೆಡ್ಡಿಂಗ್ ಸರಿಯಿಲ್ಲ ಸ್ವಾಮಿ" ಅಂದರೆ ಕೇಳುವವರು ಯಾರು!

ದುಡ್ಡಿನ ಕಥೆಗೆ ಬನ್ನಿ. ನಮ್ಮಲ್ಲಿ 2022ರಲ್ಲಿ ದೊಡ್ಡ ರಾಜ್ಯಗಳ ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿ ಹಾಕಿದರು, ಕಾಗದದ ಮೇಲಾದರೂ. ಅಲ್ಲಿನ ಸುಪ್ರೀಂ ಕೋರ್ಟು 1976ರಲ್ಲೇ, ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕುವುದು ವಾಕ್ ಸ್ವಾತಂತ್ರ್ಯಕ್ಕೇ ಅಡ್ಡಿ ಎಂದಿತು. 2010ರಲ್ಲಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಅಭ್ಯರ್ಥಿಯ ಕೈಗೆ ಕೊಡದೆ, ಬೇರೆಯಾಗಿ ನಿಂತು ಎಷ್ಟು ಬೇಕಾದರೂ ಸುರಿಯಬಹುದು!

ಹಾಗಾದರೆ ದುಡ್ಡಿದ್ದವನೇ ಗೆಲ್ಲಬೇಕಲ್ಲ? 2020ರಲ್ಲಿ ಮೈಕೇಲ್ ಬ್ಲೂಮ್‌ಬರ್ಗ್ ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟಿಗಾಗಿ ನೂರು ಕೋಟಿ ಡಾಲರಿಗೂ ಮೇಲೆ ಸ್ವಂತ ಹಣ ಚೆಲ್ಲಿದರು. ಗೆದ್ದದ್ದು ಅಮೆರಿಕನ್ ಸಮೋವಾ ಎಂಬ ದ್ವೀಪಸಮೂಹವೊಂದನ್ನೇ. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಆಗಲು ಕೋಟಿ ಡಾಲರ್ ಕೈಯಿಂದ ಹಾಕಿದರು. ಪಕ್ಷದೊಳಗಿನ ಸ್ಪರ್ಧೆಯಲ್ಲಿದ್ದವರು ಮೂವರು, ಇವರು ಮೂರನೆಯವರು. ಸುಳ್ಳೇಕೆ ಹೇಳಲಿ, 2022ರಲ್ಲಿ ಮತ್ತೆ ಸ್ವಂತ ದುಡ್ಡು ಹಾಕಿಯೇ ಡೆಟ್ರಾಯ್ಟ್ ಕಡೆಯಿಂದ ಅಮೆರಿಕಾ ಸಂಸತ್ತಿಗೂ ಹೋದರು. ದುಡ್ಡು ಬೇಡವೇ ಬೇಡ ಅನ್ನುವಷ್ಟು ಪೆದ್ದ ನಾನಲ್ಲ.

ಈಗ ನನ್ನ ಹೊಟ್ಟೆ ಉರಿಸಿದ ಲೆಕ್ಕ ಕೇಳಿ. 1998ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗರ್ಬರ್ ಮತ್ತು ಗ್ರೀನ್ ಎಂಬ ಮೇಷ್ಟ್ರುಗಳು ನ್ಯೂ ಹೇವನ್ ಊರಲ್ಲಿ ಸುಮಾರು 30,000 ಮತದಾರರ ಮೇಲೆ ಪ್ರಯೋಗ ಮಾಡಿದರು. ಕೆಲವರ ಮನೆಗೆ ಜನ ಹೋದರು, ಕೆಲವರಿಗೆ ಕಾಗದ ಹೋಯಿತು, ಕೆಲವರಿಗೆ ಫೋನು. ಬಾಗಿಲಲ್ಲಿ ನಿಂತು ಮಾತಾಡಿಸಿದ ನೂರು ಜನರಲ್ಲಿ ಎಂಟೊಂಬತ್ತು ಮಂದಿ ಹೆಚ್ಚಾಗಿ ಬಂದು ಓಟು ಹಾಕಿದರು. ಕಾಗದಕ್ಕೆ? ಇನ್ನೂರಕ್ಕೆ ಒಬ್ಬ! ಬಾಡಿಗೆ ಜನರ ಫೋನಿಗೆ ಒಬ್ಬನೂ ಇಲ್ಲ.

ಕಾಗದಕ್ಕೂ ಒಂದು ಸಲ ಬಲ ಬಂತು. 2006ರಲ್ಲಿ ಮಿಷಿಗನ್‌ನಲ್ಲಿ ಒಂದು ಪತ್ರ ಹಾಕಿದರು. ಅದರಲ್ಲಿ ನೀವು ಮತ್ತು ನಿಮ್ಮ ನೆರೆಮನೆಯವರು ಹಿಂದಿನ ಸಲ ಓಟು ಹಾಕಿದ್ದೀರೋ ಇಲ್ಲವೋ ಎಂಬ ಪಟ್ಟಿ ಇತ್ತು. ಅಲ್ಲಿ ಯಾರಿಗೆ ಹಾಕಿದರು ಎಂಬುದು ಗುಟ್ಟು, ಹಾಕಿದರೋ ಇಲ್ಲವೋ ಎಂಬುದು ಗುಟ್ಟಲ್ಲ. ಪತ್ರ ಬರದವರಲ್ಲಿ ನೂರಕ್ಕೆ ಸುಮಾರು 30 ಮಂದಿ ಓಟು ಹಾಕಿದರೆ, ಬಂದವರಲ್ಲಿ 38. ಪಕ್ಕದ ಮನೆಯವರು ಏನಂದುಕೊಂಡಾರೋ ಎಂಬ ಅಂಜಿಕೆ, ಅಷ್ಟೇ. ಬರೀ "ಮತದಾನ ನಿಮ್ಮ ಕರ್ತವ್ಯ" ಎಂದ ಪತ್ರಕ್ಕೆ ನೂರಕ್ಕೆ ಇಬ್ಬರೂ ಹೆಚ್ಚಲಿಲ್ಲ.

ಇನ್ನು ಭಾಷೆ. ಇಂಗ್ಲಿಷ್ ಸರಿಯಾಗಿ ಬಾರದ ಮತದಾರರು ಒಂದು ಕೌಂಟಿಯಲ್ಲಿ ಹತ್ತು ಸಾವಿರ ದಾಟಿದರೆ ಅವರ ಭಾಷೆಯಲ್ಲೂ ಮತಪತ್ರ ಕೊಡಬೇಕೆಂಬ ನಿಯಮ ಅಲ್ಲಿದೆ. ಎಲ್ಲ ಭಾಷೆಗೂ ಅಲ್ಲ. ಸ್ಪ್ಯಾನಿಷ್, ಏಷ್ಯಾದ ಭಾಷೆಗಳು, ಅಲ್ಲಿನ ಮೂಲನಿವಾಸಿಗಳ ಭಾಷೆಗಳಿಗೆ. ಇದಕ್ಕೆ ಮೂಲ 1975ರ ತಿದ್ದುಪಡಿ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ 2013ರಲ್ಲಿ ಬಂಗಾಳಿ ಮತಪತ್ರವೇ ಬಂತು. ಅದೇ ಕ್ವೀನ್ಸ್‌ನ ಶಾಸಕ ಜೊಹ್ರಾನ್ ಮಮ್ದಾನಿ 2025ರಲ್ಲಿ ಮೇಯರ್ ಸ್ಥಾನಕ್ಕೆ ನಿಂತಾಗ ಬಂಗಾಳಿ, ಹಿಂದೂಸ್ತಾನಿ, ಸ್ಪ್ಯಾನಿಷ್‌ನಲ್ಲಿ ಮಾತಾಡಿ ವಿಡಿಯೋ ಬಿಟ್ಟರು. ಪಕ್ಷದೊಳಗಿನ ಎದುರಾಳಿ ಆಂಡ್ರ್ಯೂ ಕ್ಯೂಮೊ ಪರವಾಗಿ ಸಿರಿವಂತರ ಕೂಟವೊಂದು ಎರಡು ಕೋಟಿ ಡಾಲರಿಗೂ ಹೆಚ್ಚು ಸುರಿಯಿತು. ಕೊಟ್ಟವರಲ್ಲಿ ನಮ್ಮ ಬ್ಲೂಮ್‌ಬರ್ಗ್ ಸಾಹೇಬರೂ ಇದ್ದರು! ಮಮ್ದಾನಿ ಬಳಿಯೂ ದುಡ್ಡಿತ್ತು. ಊರಿನವರ ಸಣ್ಣ ದೇಣಿಗೆಯ ಒಂದೊಂದು ಡಾಲರಿಗೂ ನಗರದ ಬೊಕ್ಕಸ ಎಂಟು ಡಾಲರ್ ಸೇರಿಸಿ ಕೊಡುವ ಪದ್ಧತಿ ಅಲ್ಲಿದೆ. ಆದರೆ ಸಂಬಳವಿಲ್ಲದೆ ಮೆಟ್ಟಿಲು ಹತ್ತಿದ ಹುಡುಗರು, ಹುಡುಗಿಯರು ಹತ್ತಾರು ಸಾವಿರ. ಹತ್ತು ಲಕ್ಷಕ್ಕೂ ಹೆಚ್ಚು ಬಾಗಿಲು ತಟ್ಟಿದೆವು ಎಂದು ಅವರು ಹೇಳಿಕೊಂಡರು. ಜೂನ್‌ನಲ್ಲಿ ಪಕ್ಷದೊಳಗೆ ಗೆದ್ದರು, ನವೆಂಬರಿನಲ್ಲಿ ಊರನ್ನೇ ಗೆದ್ದರು.

ನಾನೂ ಕಣ್ಣಾರೆ ಕಂಡಿದ್ದೇನೆ. ಒಬ್ಬ ಅಭ್ಯರ್ಥಿಗೆ ಮೂರು ರಾತ್ರಿ ನಿದ್ದೆಗೆಟ್ಟು ಹೊಡೆದುಕೊಟ್ಟ ಕರಪತ್ರದ ಕಟ್ಟುಗಳು, ದಾರವನ್ನೂ ಬಿಚ್ಚದೆ, ಎಣಿಕೆಯ ಮಾರನೇ ದಿನ ಗುಜರಿ ಅಂಗಡಿಯ ತಕ್ಕಡಿಯಲ್ಲಿದ್ದವು. ನನ್ನ ಬಿಲ್ಲು ಇನ್ನೂ ಬಾಕಿ.

ತಮ್ಮಾ, ನೀನು ಕೊಟ್ಟ ಅಡ್ವಾನ್ಸ್ ನನ್ನ ಜೇಬಿನಲ್ಲೇ ಇದೆ. ಸಭೆ ಮುಗಿದ ಮೇಲೆ ಬಂದು ತಗೋ. ಸೈಟಿನ ಕಾಗದ ಅಪ್ಪನ ಪೆಟ್ಟಿಗೆಯಲ್ಲೇ ಇರಲಿ. ಎರಡು ಸಾವಿರ ಚೀಟಿ ನಾನು ಸಾಲಕ್ಕೆ ಹೊಡೆದುಕೊಡುತ್ತೇನೆ. ಭಾನುವಾರ ಬೆಳಿಗ್ಗೆ ಮತದಾರರ ಪಟ್ಟಿ ಹಿಡಿದುಕೊಂಡು ಬಾ. ಪ್ರೆಸ್ಸಿನ ಬೀದಿಯಿಂದಲೇ ಶುರು ಮಾಡೋಣ, ಮೊದಲ ನಾಲ್ಕು ಮನೆಯವರು ನನಗೆ ಗೊತ್ತಿರುವವರೇ.