ಜಾರದ ಮೇಲುಹಾಸು

(ಕಲಿಕಾ ಕೇಂದ್ರದಲ್ಲಿ ಹೊಲಿಗೆ ಕಲಿಯುವವರ ಮುಂದೆ ಆಡಿದ ಮಾತು)



ಈ ದಿನ ನಾವು ದೊಡ್ಡ ವಿಷಯ ಏನೂ ತಂದಿಲ್ಲ. ಹಾಸಿಗೆಯ ಮೇಲೆ ಹಾಸುವ ಬಟ್ಟೆಯ ಬಗ್ಗೆ ಮಾತಾಡೋಣ ಅಂತ ಬಂದಿದ್ದೇವೆ. ಮೇಲುಹಾಸು ಅನ್ನಿ, ಬೆಡ್‌ಶೀಟು ಅನ್ನಿ. ರಾತ್ರಿ ನೀಟಾಗಿ ಹಾಸಿರ್ತೀವಿ. ಬೆಳಿಗ್ಗೆ ಎದ್ದು ನೋಡಿದರೆ ನಡುವಿನಲ್ಲಿ ಮುದುಡಿ ಬಿದ್ದಿರುತ್ತೆ. ಮಕ್ಕಳಿರುವ ಮನೆಯಲ್ಲಂತೂ ಕೇಳಲೇಬೇಡಿ. ಅರ್ಧ ಮಂಚದ ಕೆಳಗೆ, ಅರ್ಧ ಮಗುವಿನ ಕಾಲಿಗೆ!

ಇಷ್ಟಕ್ಕೂ ಒಂದು ಪಾಠ ಬೇಕಾ ಅಂತ ಕೆಲವರು ನಗ್ತಾ ಇದ್ದೀರಿ. ಬೇಕು. ಯಾಕೆ ಅಂತ ಹೇಳ್ತೀವಿ, ಕೇಳಿ.

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯವರಿಗೆ ಲಕ್ವ ಹೊಡೆಯಿತು. ಒಂದು ಕಡೆಯ ಕೈಕಾಲು ಬಿದ್ದುಹೋಯಿತು. ತಿಂಗಳುಗಟ್ಟಲೆ ಮಲಗಿದ್ದಲ್ಲೇ ಮಲಗಿದ್ದರು. ನಾವು ನೋಡಲು ಹೋದಾಗ ಆ ಅಕ್ಕ ಹೇಳಿದರು: "ಔಷಧಿ ಕೊಡೋದು ಕಷ್ಟ ಅಲ್ಲ. ಊಟ ಮಾಡಿಸೋದೂ ಕಷ್ಟ ಅಲ್ಲ. ಈ ಬಟ್ಟೆ ಎಳೆದು ಎಳೆದು ನನ್ನ ಸೊಂಟ ಹೋಯ್ತು."

ಅವರು ಎಳೆಯುತ್ತಿದ್ದುದು ಅಂದಕ್ಕಲ್ಲ. ಮಲಗಿದವರ ಬೆನ್ನಿನ ಕೆಳಗೆ ಬಟ್ಟೆ ಮುದುಡಿದರೆ ಅದು ಹಗ್ಗದ ಹಾಗೆ ಒತ್ತುತ್ತೆ. ನಮಗೆ ನಿಮಗೆ ಒತ್ತಿದರೆ ಮಗ್ಗುಲು ಬದಲಿಸ್ತೀವಿ. ಅವರಿಗೆ ಅದು ಆಗಲ್ಲ. ಒತ್ತಿದ ಜಾಗಕ್ಕೆ ರಕ್ತ ಸರಿಯಾಗಿ ಹರಿಯಲ್ಲ. ಬೆವರು, ಮೂತ್ರದ ತೇವ ಬೇರೆ ಇರುತ್ತೆ. ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ, ಆಮೇಲೆ ಹುಣ್ಣಾಗುತ್ತೆ. ಇದಕ್ಕೆ ಹಾಸಿಗೆ ಹುಣ್ಣು ಅಂತಾರೆ. ಬಂದರೆ ಬೇಗ ಮಾಯುವಂಥದ್ದಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀವಿ. ಮೇಲುಹಾಸು ಒಂದೇ ಈ ಹುಣ್ಣನ್ನು ತಡೆಯಲ್ಲ. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ಮೈ ಒಣಗಿರಬೇಕು. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ನೋಡಿ. ಬೆರಳು ತೆಗೆದಾಗ ಒತ್ತಿದ ಕಡೆ ಬೆಳ್ಳಗಾಗದೆ ಕೆಂಪಾಗಿಯೇ ಇದ್ದರೆ ಆರೋಗ್ಯ ಕೇಂದ್ರದವರಿಗೆ ತಕ್ಷಣ ತೋರಿಸಿ. ಇವೆಲ್ಲದರ ಜೊತೆಗೆ ಬಟ್ಟೆ ಸುಕ್ಕಿಲ್ಲದೆ ಬಿಗಿಯಾಗಿ ಇರಬೇಕು.

ಸರಿ, ಬಟ್ಟೆ ಯಾಕೆ ಜಾರುತ್ತೆ? ಇಲ್ಲಿ ನೋಡಿ, ಒಂದು ಇಟ್ಟಿಗೆ ಇಟ್ಟಿದ್ದೇವೆ. ಇದು ಹಾಸಿಗೆ ಅಂದುಕೊಳ್ಳಿ. ಮೇಲೆ ಕರವಸ್ತ್ರ ಹಾಸಿದೆವು. ಅಂಚು ಪಕ್ಕಕ್ಕೆ ಇಳಿದಿದೆ, ಕೆಳಗೆ ಹೋಗಿಲ್ಲ. ಈಗ ನಡುವೆ ಹಿಡಿದು ಎತ್ತುತ್ತೇವೆ. ಬಟ್ಟೆ ಎದ್ದು ಬಂತು, ಇಟ್ಟಿಗೆ ಅಲ್ಲೇ ಉಳಿಯಿತು. ಇನ್ನೊಮ್ಮೆ ಹಾಸ್ತೀವಿ. ಈ ಸಲ ನಾಲ್ಕೂ ಅಂಚನ್ನು ಇಟ್ಟಿಗೆಯ ಅಡಿಗೆ ಸೇರಿಸಿ, ಅಡಿಯಲ್ಲೇ ಗಂಟು ಹಾಕ್ತೀವಿ. ಎತ್ತಿ ನೋಡೋಣ. ಇಟ್ಟಿಗೆಯೇ ಎದ್ದು ಬಂತು!

ಇಷ್ಟೇ ಗುಟ್ಟು. ಮೇಲುಹಾಸನ್ನು ಹಿಡಿದುಕೊಳ್ಳುವುದು ಹಾಸಿಗೆಯ ಅಡಿಗೆ ಹೋದ ಬಟ್ಟೆ. ಅದರ ಮೇಲೆ ಹಾಸಿಗೆಯ ಭಾರ ಇದೆ, ಮಲಗಿದವರ ಭಾರ ಇದೆ. ನಾವು ಕೂತಾಗ, ಹೊರಳಿದಾಗ ಹಾಸಿಗೆ ತಗ್ಗುತ್ತೆ, ಬಟ್ಟೆಯನ್ನು ನಡುವಿಗೆ ಎಳೆಯುತ್ತೆ. ಆ ಎಳೆತ ಎರಡು ದಿಕ್ಕಿನಿಂದ ಬಂದು ಮೂಲೆಗೆ ಬೀಳುತ್ತೆ. ಅದಕ್ಕೇ ಮೊದಲು ಕಿತ್ತು ಬರುವುದು ಮೂಲೆ. ಒಂದು ಮೂಲೆ ಬಂತೋ, ಉಳಿದದ್ದು ಹಿಂದೆಯೇ ಬರುತ್ತೆ.

ಮೂಲೆ ಹೊಲಿದ ಮೇಲುಹಾಸು ಪೇಟೆಯಲ್ಲಿ ಸಿಗುತ್ತೆ. 1959ರಲ್ಲಿ ಬರ್ತಾ ಬರ್ಮನ್ ಎಂಬ ಹೆಣ್ಣುಮಗಳು ಇಂಥ ಮೇಲುಹಾಸಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಪೇಟೆಂಟ್ ಅಂದರೆ, ಇದನ್ನು ಕಂಡುಹಿಡಿದದ್ದು ಇವರು ಅಂತ ಸರ್ಕಾರ ಕೊಡುವ ಹಕ್ಕಿನ ಪತ್ರ. ಆಮೇಲೂ ಮೂಲೆ ಕಿತ್ತು ಬರುವ ತೊಂದರೆ ಪೂರ್ತಿ ಹೋಗಲಿಲ್ಲ. 1990ರ ದಶಕದಲ್ಲಿ ಕೆನಡಾ ದೇಶದ ಜಿಸೆಲ್ ಜುಬಿನ್‌ವಿಲ್ ಎಂಬ ಮಹಿಳೆ ಮೂಲೆಯನ್ನು ಇನ್ನೂ ಆಳ ಮಾಡಿ ಅದಕ್ಕೂ ಪೇಟೆಂಟ್ ಪಡೆದರು. ಹಾಸಿಗೆ ಹಾಸುವವರಿಗೇ ಅದರ ಕಷ್ಟ ಗೊತ್ತು ಅಲ್ವಾ?

ಈಗ ನಮ್ಮ ತಪ್ಪಿನ ಕತೆ. ಕಾಗದ ಓದಲು ಬಂತು, ಲೆಕ್ಕ ಬಂತು ಅನ್ನುವ ಹುರುಪಿನಲ್ಲಿ ಕೇಂದ್ರದವರೆಲ್ಲ ಸೇರಿ ಒಂದು ಹಾಸ್ಟೆಲಿಗೆ 10 ಮೇಲುಹಾಸು ಹೊಲಿದುಕೊಡಲು ಒಪ್ಪಿದೆವು. ಸಂಘದ ಉಳಿತಾಯದ ಹಣದಿಂದ ಬಟ್ಟೆ ತಂದೆವು. ಬಾಗಿಲ ಹತ್ತಿರ ಇದ್ದ ಒಂದು ಹಾಸಿಗೆ ಅಳೆದೆವು, ಬಂದೆವು. ಎಲ್ಲಾ ಹಾಸಿಗೆ ಒಂದೇ ಅಂದುಕೊಂಡೆವು. ಅಲ್ಲಿ 4 ಇಂಚು ದಪ್ಪದ ತೆಂಗಿನ ನಾರಿನ ಹಾಸಿಗೆಯೂ ಇತ್ತು, 6 ಇಂಚಿನ ಫೋಮ್ ಹಾಸಿಗೆಯೂ ಇತ್ತು. ದಪ್ಪ ಹಾಸಿಗೆಗೆ ನಮ್ಮ ಬಟ್ಟೆ ಕೂರಲೇ ಇಲ್ಲ. ಉಳಿದವನ್ನು ಹಾಸಿದರು, ಚೆನ್ನಾಗಿತ್ತು. ಮೊದಲ ಸಲ ಒಗೆದ ಮೇಲೆ ಅವೂ ಕುಗ್ಗಿದವು. ಎಳೆದು ಹಾಕಲು ಹೋಗಿ ಮೂಲೆ ಹರಿಯಿತು. ಕೂತಷ್ಟಕ್ಕೆ ಮಾತ್ರ ಹಣ ಬಂತು. ಉಳಿದ ನಷ್ಟ ಸಂಘದ್ದು.

ಹಣ ಹಾಕಿದವರಲ್ಲಿ ಕೂಲಿ ಮಾಡಿ ಉಳಿಸಿದವರಿದ್ದರು. ಯಾರೂ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಲಿಸುವವರು ನಾವೇ ಅಳತೆ ತಪ್ಪಿದ್ದೆವು.

ಅದಕ್ಕೆ ಅಳತೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳ್ತೀವಿ. ಬೇಸರ ಮಾಡ್ಕೋಬೇಡಿ.

ಟೇಪು ಕೈಗೆ ತಗೊಳ್ಳಿ. ಒಂದು ಬದಿಯಲ್ಲಿ ಇಂಚು, ಇನ್ನೊಂದು ಬದಿಯಲ್ಲಿ ಸೆಂಟಿಮೀಟರ್ ಇದೆ. ಉದ್ದ ಒಂದು ಬದಿಯಲ್ಲಿ, ಅಗಲ ಇನ್ನೊಂದು ಬದಿಯಲ್ಲಿ ಓದಿದರೆ ಕೆಲಸ ಕೆಟ್ಟಿತು. ನಾವು ಇಂಚನ್ನೇ ಹಿಡಿಯೋಣ. ದರ್ಜಿಯ ಟೇಪು 60 ಇಂಚಿಗೆ ಮುಗಿಯುತ್ತೆ. ಒಬ್ಬರು ಮಲಗುವ ಹಾಸಿಗೆ 72 ಇಂಚು ಉದ್ದ ಇರುತ್ತೆ, ಕೆಲವು ಇನ್ನೂ ಉದ್ದ. ಹಾಗಾಗಿ 60ಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿಂದ ಮತ್ತೆ ಅಳೆದು ಕೂಡಿಸಿ. 60ಕ್ಕೆ 12 ಸೇರಿದರೆ 72. ಎರಡು ಸಲ ಅಳೆಯಿರಿ. ಹತ್ತಿಯ ಹಾಸಿಗೆ ಆದರೆ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಇರುತ್ತೆ. ಅದರ ದಪ್ಪವನ್ನು ಉಬ್ಬಿದ ಕಡೆಯೇ ನೋಡಿ.

ಬಟ್ಟೆ ಕತ್ತರಿಸುವ ಮೊದಲು ನೆನೆಸಿ ಒಣಗಿಸಿ. ಹತ್ತಿ ಬಟ್ಟೆ ಎಷ್ಟು ಕುಗ್ಗುತ್ತೆ ಅಂತ ತಿಳಿಯಬೇಕಾ? ಬಟ್ಟೆಯ ಉದ್ದಕ್ಕೆ 20 ಇಂಚು ಅಳೆದು ಎರಡು ತುದಿಗೂ ದಾರದಲ್ಲಿ ಗುರುತು ಹಾಕಿ. ಒಗೆದು ಒಣಗಿಸಿ ಮತ್ತೆ ಅಳೆಯಿರಿ. 19 ಆಗಿದೆ ಅನ್ನಿ. 20ಕ್ಕೆ 1 ಹೋದರೆ 72ಕ್ಕೆ ಮೂರೂವರೆ ಇಂಚಿಗಿಂತ ಹೆಚ್ಚು ಹೋಗುತ್ತೆ. ನಮ್ಮ ಮೂಲೆ ಹರಿದದ್ದು ಇದರಿಂದಲೇ.

ಈಗ ಲೆಕ್ಕ. ಹಾಸಿಗೆ 72 ಇಂಚು ಉದ್ದ, 36 ಇಂಚು ಅಗಲ, 4 ಇಂಚು ದಪ್ಪ ಇದೆ. ಬಟ್ಟೆ ಎಷ್ಟು ಬೇಕು? ಉದ್ದಕ್ಕೆ ಮೊದಲು 72 ಬರೆಯಿರಿ. ತಲೆಯ ಕಡೆ ದಪ್ಪ 4, ಕಾಲಿನ ಕಡೆ ದಪ್ಪ 4. ಅಡಿಗೆ ಹೋಗಲು ಆ ಕಡೆ 4, ಈ ಕಡೆ 4. ಅಂಚು ಮಡಿಸಲು ಒಂದೊಂದು ಇಂಚು. ಕೂಡಿಸಿ, 90 ಆಯಿತು. ಅಗಲಕ್ಕೂ ಹೀಗೇ. 36ಕ್ಕೆ ಅದೇ 18 ಸೇರಿಸಿದರೆ 54. ಅಡಿಗೆ ಹೋಗುವ ಆ 4 ಇಂಚನ್ನು ಉಳಿಸಲು ಹೋಗಬೇಡಿ. ಬಟ್ಟೆ ದುಬಾರಿ ಅಂತ ಅಲ್ಲೇ ಕೈ ಬಿಗಿ ಮಾಡ್ತೀವಿ, ಅಲ್ಲೇ ಕೆಡುತ್ತೆ.

ಅಂಗಡಿಯಲ್ಲಿ ಸಿಗುವ ಒಂಟಿ ಹಾಸಿಗೆಯ ಚಾದರ ಬಹಳ ಸಲ 60 ಇಂಚು ಅಗಲ, 90 ಇಂಚು ಉದ್ದ ಇರುತ್ತೆ. ಮನೆಯ ಹಳೆಯ ಚಾದರವೇ ಸಾಕು ಅಂದ ಹಾಗಾಯಿತು. ಒಗೆದು ಒಗೆದು ಕುಗ್ಗುವಷ್ಟು ಕುಗ್ಗಿರುತ್ತೆ, ಅದೂ ಒಳ್ಳೆಯದೇ. ಮೊದಲು ಅಳೆದು ನೋಡಿ. ಒಂದೆರಡು ಇಂಚು ಕಡಿಮೆ ಇದ್ದರೆ ಅಡಿಗೆ ಹೋಗುವುದರಲ್ಲಿ ಅರ್ಧ, ಒಂದು ಇಂಚು ಬಿಡಬಹುದು. ಅದಕ್ಕಿಂತ ಹೆಚ್ಚು ಬೇಡ.

ಮುಂದೆ ಮೂಲೆ. ನಾಲ್ಕೂ ಮೂಲೆಯಲ್ಲಿ ಒಂದೊಂದು ಚೌಕ ಕತ್ತರಿಸಬೇಕು. ದಪ್ಪ 4, ಅಡಿಗೆ 4, ಅಂಚಿಗೆ 1, ಒಟ್ಟು 9. ಆದರೆ ಚೌಕ 9 ಇಂಚಲ್ಲ, ಎಂಟೂವರೆ! ಅರ್ಧ ಇಂಚು ಹೊಲಿಗೆಯ ಒಳಗೆ ಹೋಗುತ್ತೆ. 9 ಕತ್ತರಿಸಿದರೆ ಎರಡು ತುದಿ ಸೇರಿ ಒಂದು ಇಂಚು ನಷ್ಟ. 72 ಇಂಚಿನ ಹಾಸಿಗೆಗೆ 71 ಇಂಚಿನ ಬಟ್ಟೆ ಆಗುತ್ತೆ. ಹಾಸ್ಟೆಲಿನ ಹಳೆಯ ಲೆಕ್ಕ ಸರಿಮಾಡಲು ಕೂತಾಗ ಇದನ್ನು ಹಿಡಿದದ್ದು ನಾವಲ್ಲ. ಲಕ್ವ ಹೊಡೆದವರ ಹೆಂಡತಿ ಅಂದೆವಲ್ಲ, ಆ ಅಕ್ಕ. ಹೊಲಿಗೆಗೆ ಹೋಗೋದನ್ನ ಯಾಕೆ ಬರೆದಿಲ್ಲ, ಅಂತ ಕೇಳಿದರು. ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ.

ಚೌಕ ಕತ್ತರಿಸಿದ ಮೇಲೆ ಅದರ ಎರಡು ಅಂಚನ್ನು ಒಳಮೈ ಹೊರಗೆ ಬರುವಂತೆ ಜೋಡಿಸಿ, ಅರ್ಧ ಇಂಚು ಬಿಟ್ಟು ಹೊಲಿಯಿರಿ. ಅದೇ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ಹೊಲಿಯಿರಿ. ತುದಿಯಲ್ಲಿ ಯಂತ್ರವನ್ನು ಹಿಂದೆ ಮುಂದೆ ಓಡಿಸಿ. ಹಾಸಿಗೆಯ ಮೂಲೆ ಮುಟ್ಟುವ ಜಾಗದಲ್ಲಿ ಒಳಗಡೆ ಒಂದು ಚಿಕ್ಕ ತೇಪೆ ಹಾಕಿದರೆ ಬಹಳ ಕಾಲ ಬಾಳುತ್ತೆ. ಎಳೆತ ಬೀಳುವುದು ಅಲ್ಲೇ ತಾನೇ.

ಹಾಸಿಗೆ 6 ಇಂಚು ದಪ್ಪ ಇದ್ದರೆ ಎಷ್ಟು ಅಂತ ನೀವೇ ಬರೆದು ನೋಡಿ. ಉದ್ದ 94, ಅಗಲ 58, ಚೌಕ ಹತ್ತೂವರೆ ಬಂದರೆ ಲೆಕ್ಕ ಸರಿ.

ಕೊನೆಗೆ ಅಂಚು. ಆ ಒಂದು ಇಂಚನ್ನು ಒಳಗೆ ಮಡಿಸಿ ಲಾಡಿ ಮನೆ ಹೊಲಿಯಿರಿ. ಲಂಗಕ್ಕೆ, ಪೈಜಾಮಕ್ಕೆ ಹೊಲಿಯುತ್ತೀರಲ್ಲ, ಹಾಗೇ. ಎರಡು ಇಂಚು ಬಾಯಿ ಬಿಡಿ. ಒಳಗೆ ಎಲಾಸ್ಟಿಕ್ ಹಾಕಬಹುದು. ಸುತ್ತ ಅಂಚು 216 ಇಂಚು ಬರುತ್ತೆ. ಅದರ ಮೂರನೇ ಎರಡು ಪಾಲು, ಅಂದರೆ 144 ಇಂಚು ಎಲಾಸ್ಟಿಕ್ ಸಾಕು. ಸರಿಯಾಗಿ 4 ಗಜ. ಅಷ್ಟು ಬೇಡ ಅಂದರೆ ಮೂಲೆಗೆ ಮಾತ್ರ ಹಾಕಿ. ಮೂಲೆಯಿಂದ ಆ ಕಡೆ 10, ಈ ಕಡೆ 10 ಇಂಚು ಜಾಗಕ್ಕೆ 10 ಇಂಚು ಎಲಾಸ್ಟಿಕ್ ಎಳೆದು ಹೊಲಿಯಿರಿ.

ನಮ್ಮನ್ನು ಕೇಳಿದರೆ ಲಾಡಿಯೇ ವಾಸಿ. ಎಲಾಸ್ಟಿಕ್‌ನ ಒಳಗೆ ರಬ್ಬರು ಇರುತ್ತೆ. ಬಿಸಿನೀರಿಗೆ, ಬಿಸಿಲಿಗೆ ಸತ್ತುಹೋಗುತ್ತೆ. ಲಾಡಿ ಸಡಿಲ ಆದರೆ ಎಳೆದು ಕಟ್ಟಬಹುದು. 7 ಗಜ ಲಾಡಿ ಬೇಕಾಗುತ್ತೆ. ಹಳೆ ಸೀರೆಯ ಅಂಚು ಹರಿದು ಹೆಣೆದರೂ ಆದೀತು. ಬಾಯಿ ಕಾಲಿನ ಕಡೆ ಇರಲಿ. ಗಂಟನ್ನು ಅಡಿಗೆ ಸೇರಿಸಿ.

ಆದರೆ ಕೂಸುಗಳ ಹಾಸಿಗೆಗೆ ಲಾಡಿ ಬೇಡವೇ ಬೇಡ. ಕುತ್ತಿಗೆಗೆ ಸುತ್ತಿಕೊಂಡೀತು. ಅಲ್ಲಿ ಎಲಾಸ್ಟಿಕ್ಕೇ ಸರಿ, ಬಟ್ಟೆಯೂ ಬಿಗಿಯಾಗಿರಬೇಕು. ಸಡಿಲ ಬಟ್ಟೆ ಎದ್ದು ಕೂಸಿನ ಮುಖ ಮುಚ್ಚಿದರೆ ಉಸಿರು ಕಟ್ಟುತ್ತೆ.

ಮಿಷನ್ ಇಲ್ಲದವರು ಏನು ಮಾಡಬೇಕು? ಚಾದರ ಕತ್ತರಿಸಲು ಮನಸ್ಸು ಬಾರದವರೂ ಇದ್ದೀರಿ. ಉತ್ತರ ಕರ್ನಾಟಕದ ಕಡೆಯವರ ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇರುತ್ತೆ, ಅದಕ್ಕೆ ಕತ್ತರಿ ಹಾಕಿ ಅಂತ ನಾವು ಹೇಳಲ್ಲ. ಅದರ ನಾಲ್ಕು ಮೂಲೆಗೆ ಒಂದೊಂದು ಬಟ್ಟೆಯ ಪಟ್ಟಿಯನ್ನು ಅಡ್ಡಕ್ಕೆ, ಮೂಲೆಯನ್ನು ದಾಟುವ ಹಾಗೆ ಕೈಯಲ್ಲೇ ಹೊಲಿಯಿರಿ. ಆ ಪಟ್ಟಿಯನ್ನು ಹಾಸಿಗೆಯ ಮೂಲೆಯ ಅಡಿಗೆ ಸಿಕ್ಕಿಸಿ. ಇದರಲ್ಲೂ ಹಿಡಿತ ಅಡಿಯಲ್ಲೇ ಇದೆ, ನೋಡಿ.

ಹೊಲಿಗೆಯೇ ಬೇಡ ಅನ್ನುವವರಿಗೆ ನರ್ಸಮ್ಮಂದಿರ ಮಡಿಕೆ ಇದೆ. ಮೊದಲು ತಲೆಯ ಕಡೆ ಬಟ್ಟೆಯನ್ನು ಅಡಿಗೆ ತೂರಿಸಿ. ಪಕ್ಕಕ್ಕೆ ಜೋತ ಅಂಚನ್ನು ಮೂಲೆಯಿಂದ ಒಂದು ಮೊಳ ದೂರದಲ್ಲಿ ಹಿಡಿದು ಹಾಸಿಗೆಯ ಮೇಲೆ ಎತ್ತಿ ಹಾಕಿ. ಅದು ಮುಕ್ಕೋನ ಆಗುತ್ತೆ. ಕೆಳಗೆ ಜೋತು ಉಳಿದ ತುಂಡನ್ನು ಅಡಿಗೆ ತೂರಿಸಿ. ಈಗ ಮುಕ್ಕೋನವನ್ನು ಕೆಳಗೆ ಇಳಿಸಿ, ಅದನ್ನೂ ತೂರಿಸಿ. ಮಾಡಿ ತೋರಿಸ್ತೀವಿ, ಬಾಯಲ್ಲಿ ಹೇಳಿದರೆ ತಿಳಿಯಲ್ಲ.

ಆ ಅಕ್ಕ ಹಳೆ ಚಾದರದಲ್ಲಿ ಎರಡು ಮೇಲುಹಾಸು ಹೊಲಿದುಕೊಂಡರು. ಒಂದು ಒಗೆಯಲು, ಒಂದು ಹಾಸಲು. ಎರಡಕ್ಕೂ ಲಾಡಿ. ಒಳಗಡೆ ಮೂಲೆಯಲ್ಲಿ ಕೆಂಪು ದಾರದಲ್ಲಿ 72, 36, 4 ಅಂತ ಅಂಕಿ ಹೊಲಿದಿದ್ದಾರೆ. ಮುಂದಿನ ಸಲ ಅಳೆಯೋದು ಬೇಡ ನೋಡಿ, ಅಂತ ನಮಗೆ ತೋರಿಸಿದರು. ಅಂಕಿ ಸ್ವಲ್ಪ ಸೊಟ್ಟ ಇತ್ತು. ಓದಲು ಏನೂ ತೊಂದರೆ ಇರಲಿಲ್ಲ.

ಈಗ ಎಲ್ಲರೂ ಒಂದೊಂದು ಹಳೆ ಪೇಪರಿನ ಹಾಳೆ, ಒಂದೊಂದು ಬೆಂಕಿಪೊಟ್ಟಣ ಎತ್ತಿಕೊಳ್ಳಿ. ಪೊಟ್ಟಣವೇ ಹಾಸಿಗೆ, ಹಾಳೆಯೇ ಬಟ್ಟೆ. ಕತ್ತರಿ ಆಮೇಲೆ ಕೊಡ್ತೀವಿ. ಮೊದಲು ಪೊಟ್ಟಣದ ಉದ್ದ, ಅಗಲ, ದಪ್ಪ ಅಳೆದು ಪುಸ್ತಕದಲ್ಲಿ ಬರೆಯಿರಿ.