ಸಮರ್ಪಣೆಯ ಹಬ್ಬ: ಮನೆ ಪೂರ್ತಿಯಾಗುವ ಮೊದಲೇ

(ಫೆಬ್ರವರಿ 2, ಪ್ರಭು ಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ಪ್ರಬೋಧನೆ. ಶುಭಸಂದೇಶ: ಲೂಕ 2:22-40)



ಕ್ರಿಸ್ಮಸ್ ಹಬ್ಬದಿಂದ ಎಣಿಸಿದರೆ ಇಂದು ನಲವತ್ತನೆಯ ದಿನ. ಗೋದಲಿಯನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದಾಯಿತು. ಅತ್ತೂರಿನ ಸಾಂತ್‌ಮಾರಿಗೆ ಹೋಗಿ ಸಂತ ಲಾರೆನ್ಸರ ಮುಂದೆ ಮೇಣದ ಬತ್ತಿ ಹಚ್ಚಿ ಬಂದದ್ದೂ ಆಯಿತು. ಇಂದು ಪುನಃ ಕೈಯಲ್ಲಿ ಮೇಣದ ಬತ್ತಿ ಹಿಡಿದು ನಿಂತಿದ್ದೇವೆ. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಮಗುವನ್ನು ಎತ್ತಿಕೊಂಡು ಜೆರುಸಲೇಮಿಗೆ ಬಂದಿದ್ದಾರೆ. ಅವರ ಕೈಯಲ್ಲಿರುವುದು ಒಂದು ಜೊತೆ ಹಕ್ಕಿಗಳು, ಕುರಿ ಕೊಡಲು ಗತಿಯಿಲ್ಲದವರು ಕೊಡುವ ಕಾಣಿಕೆ. ಆ ದಿನ ದೇವಾಲಯದಲ್ಲಿ ಯಾಜಕರು, ಲೇವಿಯರು, ವ್ಯಾಪಾರಿಗಳು ಎಲ್ಲರೂ ಇದ್ದಿರಬೇಕು. ಮಗುವಿನ ಗುರುತು ಹಿಡಿದವರು ಮಾತ್ರ ಇಬ್ಬರೇ: ಸಿಮೆಯೋನ ಮತ್ತು ಅನ್ನ. ಸಿಮೆಯೋನನ ವಯಸ್ಸನ್ನು ಸಂತ ಲೂಕರು ಬರೆದಿಲ್ಲ, ಮುದುಕನೆಂದು ನಾವೇ ಚಿತ್ರ ಬರೆದುಕೊಂಡಿದ್ದೇವೆ. ಅನ್ನಳ ವಿಷಯದಲ್ಲಿ ಸಂಶಯವಿಲ್ಲ. ಮದುವೆಯಾಗಿ ಏಳು ವರ್ಷಕ್ಕೆ ಗಂಡನನ್ನು ಕಳೆದುಕೊಂಡ ವಿಧವೆ, ಎಂಬತ್ತನಾಲ್ಕರ ಲೆಕ್ಕ ಸ್ಪಷ್ಟವಾಗಿ ಇದೆ.

ಈ ಹಬ್ಬ ಬರುವ ಸಮಯವನ್ನು ಗಮನಿಸಿರಿ. ನಮ್ಮ ಬಜಗೋಳಿಯ ಕಡೆ ಫೆಬ್ರವರಿ ಎಂದರೆ ಮನೆ ಕೆಲಸದ ಕಾಲ. ಕುದುರೆಮುಖದ ತಪ್ಪಲಿನ ಮಳೆ ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಜೂನ್ ಬರುವುದರೊಳಗೆ ಹಂಚು ಬಿಚ್ಚಿ ಪಕ್ಕಾಸು, ರೀಪು ಬದಲಿಸಬೇಕು, ಇಲ್ಲವೇ ಟೆರೇಸಿಗೆ ಕಾಂಕ್ರೀಟು ಹಾಕಿಯಾಗಬೇಕು. ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗಲೇ ಅದರ ಪಕ್ಕದಲ್ಲಿ ಕೆಂಪುಕಲ್ಲಿನ ರಾಶಿ, ಜಲ್ಲಿ, ಸಿಮೆಂಟು ಚೀಲ. ವಾಳೆಗಳಲ್ಲಿ ಮನೆ ಭೇಟಿಗೆ ಹೋದಾಗ ನಾವು ನೋಡುವುದು ಹೆಚ್ಚಾಗಿ ಅರುವತ್ತೈದು ಎಪ್ಪತ್ತು ದಾಟಿದ ಯಜಮಾನರು ಮೇಸ್ತ್ರಿಯ ಹಿಂದೆ ನಿಂತಿರುವುದನ್ನು. ಮಕ್ಕಳು ಗಲ್ಫಿನಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ. ಹಣ ಅವರು ಕಳಿಸುತ್ತಾರೆ, ಕೆಲಸ ನೋಡಿಕೊಳ್ಳುವವರು ಅಪ್ಪ. ಆ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಮೊಣಕಾಲು ಮಡಚುವುದಿಲ್ಲ, ನಾಲ್ಕು ಹೆಜ್ಜೆ ಏರು ಹತ್ತಿದರೆ ಎದೆ ಹಿಡಿದಂತಾಗುತ್ತದೆ. ಕೇಳಿದರೆ ಒಂದೇ ಉತ್ತರ: ಈ ಸ್ಲ್ಯಾಬ್ ಒಂದು ಆಗಲಿ ಫಾದರ್, ಮತ್ತೆ ಮಣಿಪಾಲಕ್ಕೆ ಹೋಗಿ ತೋರಿಸುತ್ತೇನೆ. ಭಾನುವಾರ ಪೂಜೆಗೆ ಕಾಣಲಿಲ್ಲವಲ್ಲ ಎಂದು ಕೇಳಿದರೂ ಅದೇ ಉತ್ತರ. ಮನೆ ಆಗಲಿ ಫಾದರ್.

ಮನೆ ಆಗಲಿ ಎಂಬ ಮಾತಿನಲ್ಲಿ ತಪ್ಪಿಲ್ಲ. ಹರುಕು ಮಾಡಿನ ಕೆಳಗೆ ಮಕ್ಕಳನ್ನು ಸಾಕಿದವರಿಗೆ ಭದ್ರವಾದ ಮನೆಯ ಆಸೆ ಇರುವುದು ಸಹಜ. ಕಟ್ಟುವ ಆಸೆ ಧರ್ಮಗುರುಗಳಿಗೂ ಕಡಿಮೆ ಇಲ್ಲವೆಂದು ಚಂದಾ ರಶೀದಿ ಹರಿಸಿಕೊಂಡ ನಿಮಗೆ ಚೆನ್ನಾಗಿ ಗೊತ್ತು. ಪ್ರಶ್ನೆ ಬೇರೆಯೇ ಇದೆ. ದೇಹದ ಆರೈಕೆ, ದೇವರ ಸನ್ನಿಧಿ ಎರಡೂ ಮನೆ ಪೂರ್ತಿಯಾದ ಮೇಲೆ ಎಂದು ಮುಂದೂಡಿದರೆ, ಆ ಮನೆ ಪೂರ್ತಿಯಾಗುವುದು ಯಾವಾಗ?

ಸಿಮೆಯೋನ ಮತ್ತು ಅನ್ನ ನಿಂತಿದ್ದ ದೇವಾಲಯ ಯಾವುದು? ಹೆರೋದ ಅರಸನು ಕ್ರಿಸ್ತಪೂರ್ವ 20ರ ಸುಮಾರಿಗೆ ಹೊಸದಾಗಿ ಕಟ್ಟಲು ತೊಡಗಿದ ದೇವಾಲಯ ಅದು. ಗರ್ಭಗುಡಿಯ ಕೆಲಸ ಬೇಗ ಮುಗಿದರೂ ಸುತ್ತಲಿನ ಅಂಗಳ, ಮಂಟಪಗಳ ಕೆಲಸ ಮುಂದುವರಿಯುತ್ತಲೇ ಇತ್ತು. ಯೇಸು ದೊಡ್ಡವರಾದ ಮೇಲೆ ಯೆಹೂದ್ಯರು ಅವರೊಡನೆ ವಾದ ಮಾಡುವಾಗ, ಇದನ್ನು ಕಟ್ಟಲು ನಲವತ್ತಾರು ವರ್ಷ ಹಿಡಿದಿದೆ ಎಂದು ಹೇಳುವುದನ್ನು ಸಂತ ಯೊವಾನ್ನರ ಶುಭಸಂದೇಶದ 2ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅದಾದ ಮೇಲೂ ಮೂವತ್ತು ವರ್ಷ ಕೆಲಸ ನಡೆಯಿತು. ಪೂರ್ತಿಯಾದ ಕೆಲವೇ ವರ್ಷಗಳಲ್ಲಿ, ಕ್ರಿಸ್ತಶಕ 70ರಲ್ಲಿ, ರೋಮನರು ಸುಟ್ಟು ಕೆಡವಿದರು. ಅಂದರೆ ಅನ್ನ ಹಗಲೂ ರಾತ್ರಿ ಪ್ರಾರ್ಥಿಸುತ್ತಿದ್ದದ್ದು ಕೆಲಸ ಮುಗಿಯದ ಕಟ್ಟಡದಲ್ಲಿ. ನನ್ನನ್ನು ಇನ್ನು ಸಮಾಧಾನದಿಂದ ಕಳುಹಿಸಿಕೊಡು ಎಂದು ಸಿಮೆಯೋನ ಬೇಡಿಕೊಂಡದ್ದೂ ಅಲ್ಲಿಯೇ. ಕಟ್ಟಡ ಎಷ್ಟಾಯಿತೆಂದು ಆತ ನೋಡಲಿಲ್ಲ, ಕೈಗೆ ಬಂದ ಮಗುವನ್ನು ನೋಡಿದ.

ಹಳೆಯ ಒಡಂಬಡಿಕೆಯಲ್ಲಿ ಇದೇ ಸಂಕಟ ಅನುಭವಿಸಿದ ಒಬ್ಬ ಮಹಾರಾಜ ಇದ್ದಾನೆ. ದಾವೀದನು ದೇವದಾರು ಮರದ ಅರಮನೆಯಲ್ಲಿ ವಾಸವಾಗಿದ್ದ. ದೇವರ ಮಂಜೂಷ ಮಾತ್ರ ಗುಡಾರದಲ್ಲಿದೆಯಲ್ಲ ಎಂದು ಅವನಿಗೆ ನಾಚಿಕೆಯಾಯಿತು, ದೇವಾಲಯ ಕಟ್ಟಲು ಮನಸ್ಸು ಮಾಡಿದ. ಪ್ರವಾದಿ ನಾತಾನರೂ ಮೊದಲು ಸರಿ ಎಂದರು. ಅದೇ ರಾತ್ರಿ ದೇವರ ಮಾತು ಬಂತು: ಕಟ್ಟುವವನು ನೀನಲ್ಲ, ನಿನ್ನ ಮಗ. ನಿನಗಾಗಿ ಮನೆಯನ್ನು ನಾನು ಕಟ್ಟುತ್ತೇನೆ. ಇದು ಸಮುವೇಲನ ಎರಡನೆಯ ಗ್ರಂಥದ 7ನೆಯ ಅಧ್ಯಾಯ. ನಮ್ಮಲ್ಲಿ ಯಾರಿಗಾದರೂ ಹೀಗೆ ಹೇಳಿದ್ದರೆ ಮುನಿಸಿಕೊಂಡು ಕುಳಿತುಬಿಡುತ್ತಿದ್ದೆವು. ದಾವೀದ ಮುನಿಸಿಕೊಳ್ಳಲಿಲ್ಲ. ಪೂರ್ವಕಾಲದ ಇತಿಹಾಸದ ಮೊದಲನೆಯ ಗ್ರಂಥವನ್ನು ಮನೆಯಲ್ಲಿ ತೆರೆದು ನೋಡಿ, 22ನೆಯ ಅಧ್ಯಾಯದಲ್ಲಿ ಅವನು ಕೂಡಿಟ್ಟ ಸಾಮಾನಿನ ಲೆಕ್ಕ ಇದೆ. ಕಲ್ಲು ಕೆತ್ತುವವರನ್ನು ಗೊತ್ತುಮಾಡಿದ, ದೇವದಾರು ಮರಗಳನ್ನು ತರಿಸಿದ, ಬಾಗಿಲಿನ ಮೊಳೆಗಳಿಗೆ ಬೇಕಾದ ಕಬ್ಬಿಣವನ್ನೂ ಮರೆಯಲಿಲ್ಲ. ಮಗನಿನ್ನೂ ಎಳೆಯ, ಅನುಭವವಿಲ್ಲ ಎಂಬ ಚಿಂತೆ ಅವನಿಗೂ ಇತ್ತು. ಆದರೂ 28ನೆಯ ಅಧ್ಯಾಯಕ್ಕೆ ಬಂದಾಗ ಆ ವಯಸ್ಸಾದ ಅರಸ ಎಲ್ಲರ ಮುಂದೆ ಎದ್ದು ನಿಂತು ದೇವಾಲಯದ ನಕ್ಷೆಯನ್ನು ಸೊಲೊಮೋನನ ಕೈಗೆ ಕೊಡುತ್ತಾನೆ. ಇದೇ ದಾವೀದನ ದೇಹದ ಸ್ಥಿತಿ ಕೊನೆಗೆ ಹೇಗಿತ್ತು? ಎಷ್ಟು ಬಟ್ಟೆ ಹೊದಿಸಿದರೂ ಮೈ ಬೆಚ್ಚಗಾಗುತ್ತಿರಲಿಲ್ಲ ಎಂದು ಅರಸರ ಮೊದಲನೆಯ ಗ್ರಂಥ ಆರಂಭದಲ್ಲಿಯೇ ಹೇಳುತ್ತದೆ. ಗೋಲಿಯಾತನನ್ನು ಕೆಡವಿದ ಮೈ ಅದು.

ನಕ್ಷೆ ಕೈಬಿಡುವುದು ನಮ್ಮಲ್ಲಿ ಬಹಳ ಕಷ್ಟ. ಮಗ ಅಡುಗೆಮನೆ ಈ ಕಡೆ ಇರಲಿ ಎಂದರೆ ಅಪ್ಪನಿಗೆ ಅವಮಾನ. ಜಾಗದ ಕಾಗದಪತ್ರ ಎಲ್ಲಿದೆ ಎಂದು ಅಮ್ಮನಿಗೇ ಗೊತ್ತಿರುವುದಿಲ್ಲ. ವೀಲುನಾಮೆಯ ಮಾತೆತ್ತಿದರೆ ನನ್ನನ್ನು ಈಗಲೇ ಕಳಿಸುತ್ತೀರಾ ಎಂಬ ಪ್ರಶ್ನೆ. ಇನ್ನು ಮಕ್ಕಳಿಗೂ ಒಂದು ಮಾತು. ಮೇಲಂತಸ್ತಿನಲ್ಲಿ ಮೂರು ಕೋಣೆ ಕಟ್ಟಿಸಿ ಬೀಗ ಹಾಕಿ ಹೋಗುತ್ತೀರಿ, ವರ್ಷಕ್ಕೆ ಇಪ್ಪತ್ತು ದಿನ ಬಂದಿರುತ್ತೀರಿ. ಕೆಳಗೆ ಅಪ್ಪ ಅಮ್ಮ ಉಪಯೋಗಿಸುವುದು ಹಿತ್ತಿಲಿನ ಹಳೆಯ ಬಚ್ಚಲನ್ನೇ, ಅಲ್ಲಿ ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲು. ಜಾರಿ ಬಿದ್ದು ಸೊಂಟದ ಎಲುಬು ಮುರಿದರೆ ಆ ವಯಸ್ಸಿನಲ್ಲಿ ಹಾಸಿಗೆ ಬಿಟ್ಟು ಏಳುವುದು ಸುಲಭವಲ್ಲ. ಮನೆ ಕೆಲಸಕ್ಕೆಂದು ಕಳಿಸುವ ಹಣದಲ್ಲಿ ಮೊದಲಿನದ್ದು ಬಚ್ಚಲಿಗೆ ಹೋಗಲಿ: ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ, ಕುಳಿತುಕೊಳ್ಳುವ ಕಮೋಡು, ಜಾರದ ನೆಲ, ಮಂಚದಿಂದ ಕೈಗೆಟಕುವ ದೀಪದ ಸ್ವಿಚ್ಚು, ಜಗುಲಿಯ ಮೆಟ್ಟಿಲಿಗೆ ಆಧಾರ. ಗೃಹಪ್ರವೇಶದ ದಿನ ಇದನ್ನು ಯಾರೂ ಹೊಗಳುವುದಿಲ್ಲ. ಎದುರಿನ ಎಲಿವೇಶನನ್ನು ಮಾತ್ರ ಹೊಗಳುತ್ತಾರೆ!

ಇನ್ನು ಚರ್ಚಿನ ವಿಷಯ. ಇಪ್ಪತ್ತು ವರ್ಷ ಗುರಿಕಾರರಾಗಿದ್ದ ಒಬ್ಬರನ್ನು ನಾವು ಬಲ್ಲೆವು. ಸಾಂತ್‌ಮಾರಿಗೆ ವಾಳೆಯವರನ್ನು ಹೊರಡಿಸುವುದು, ಮರಣವಾದ ಮನೆಯಲ್ಲಿ ರಾತ್ರಿಯಿಡೀ ನಿಲ್ಲುವುದು, ಹಬ್ಬಕ್ಕೆ ಚಪ್ಪರ, ಎಲ್ಲದಕ್ಕೂ ಅವರೇ ಮುಂದು. ಮನೆ ಅರ್ಧ ಎದ್ದಿರುವಾಗ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯ ಖರ್ಚಿಗೆ ಮನೆಯ ಹಣ ಹೋಯಿತು, ಸಾರಣೆ ಆಗದ ಗೋಡೆಗಳು ಹಾಗೆಯೇ ನಿಂತವು. ನಡೆಯಲು ಸ್ವಲ್ಪ ಬಂದ ಮೇಲೂ ಅವರು ಪೂಜೆಗೆ ಬರಲಿಲ್ಲ. ನಾವು ಪರಮಪ್ರಸಾದ ತೆಗೆದುಕೊಂಡು ಹೋದಾಗ ಅವರ ಹೆಂಡತಿ ಬಾಗಿಲಲ್ಲಿಯೇ ಮೆಲ್ಲನೆ ಹೇಳಿದರು: "ಇವರಿಗೆ ಬರಲಿಕ್ಕೆ ಆಗುತ್ತದೆ ಫಾದರ್, ಮನಸ್ಸಿಲ್ಲ." ಒಳಗೆ ಅವರು ಹೇಳಿದ್ದು: "ಎಲ್ಲರನ್ನು ಎತ್ತಿ ಕೂರಿಸುತ್ತಿದ್ದವನು ನಾನು. ನನ್ನನ್ನು ಎತ್ತಿಕೊಂಡು ಬರುವುದನ್ನು ಜನ ನೋಡುವುದು ಬೇಡ."

ಇದಕ್ಕೆ ಸಾಂತ್ವನದ ಮಾತು ಹೇಳಿ ಪ್ರಯೋಜನವಿರಲಿಲ್ಲ. ನಾವು ವಾಳೆಯ ಕುಟುಂಬಗಳ ಪುಸ್ತಕ ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟೆವು. ಯಾವ ಮನೆಯವರು ಎಲ್ಲಿಂದ ಬಂದರು, ಯಾರ ತಾಯಿಯ ಮನೆ ನಾರಾವಿ, ಯಾರದ್ದು ಮಿಯ್ಯಾರು, ಯಾವ ಅಣ್ಣ ತಮ್ಮಂದಿರಿಗೆ ಮಾತಿಲ್ಲ, ಯಾವ ಮನೆಯಲ್ಲಿ ಮುದುಕಿ ಒಬ್ಬರೇ ಇದ್ದಾರೆ, ಎಲ್ಲವನ್ನೂ ತೊದಲುತ್ತಲೇ ಹೇಳಿದರು. ಎರಡು ಗಂಟೆ ಹಿಡಿಯಿತು. ಅವರು ಹೇಳಿದ ಮನೆಗಳಿಗೆ ಆ ವರ್ಷ ನಾವು ಮೊದಲು ಹೋದೆವು. ಈಗ ಅವರು ದಿನಕ್ಕೆ ಮೂರು ಮನೆಗೆ ಫೋನು ಮಾಡಿ ವಿಚಾರಿಸುತ್ತಾರೆ. ಒಂದು ಭಾನುವಾರ ಮೊಮ್ಮಗನ ಕೈ ಹಿಡಿದುಕೊಂಡು ಹಿಂದಿನ ಬೆಂಚಿಗೆ ಬಂದು ಕೂತರು. ಗೋಡೆಗಳಿಗೆ ಇನ್ನೂ ಸಾರಣೆ ಆಗಿಲ್ಲ.

ಅತ್ತೂರಿನ ಸಂತ ಲಾರೆನ್ಸರ ಕಥೆ ನಿಮಗೆ ಗೊತ್ತಿದೆ. 258ರಲ್ಲಿ ರೋಮಿನ ಅಧಿಕಾರಿ ಧರ್ಮಸಭೆಯ ಸಂಪತ್ತನ್ನು ಒಪ್ಪಿಸೆಂದಾಗ ಅವರು ಬಡವರನ್ನು, ಕುಂಟರನ್ನು, ವಿಧವೆಯರನ್ನು ಸೇರಿಸಿ ಮುಂದೆ ನಿಲ್ಲಿಸಿದರೆಂದು ಪರಂಪರೆ ಹೇಳುತ್ತದೆ. ಜನವರಿಯಲ್ಲಿ ಆ ಸಂತರಿಗೆ ಹರಕೆ ಸಲ್ಲಿಸಿ ಬಂದ ನಾವು, ನಮ್ಮ ಚರ್ಚಿನ ಮೆಟ್ಟಿಲ ಬದಿಗೆ ಗಾಲಿಕುರ್ಚಿ ಏರಲು ಒಂದು ಇಳಿಜಾರು ಇಲ್ಲದಿದ್ದರೆ ಏನೆನ್ನಬೇಕು? ಪಾಲನಾ ಮಂಡಳಿಯವರು ಇದನ್ನು ಕೇಳಿಸಿಕೊಳ್ಳಬೇಕು.

ಸೇವೆ ನಿಲ್ಲಿಸಬೇಕಾದ ಹೊತ್ತು ಬಂದರೆ ನಿಲ್ಲಿಸುವುದರಲ್ಲಿಯೂ ಅವಮಾನವಿಲ್ಲ. ಪೋಪ್ ಎರಡನೇ ಜಾನ್ ಪೌಲರು 1999ರಲ್ಲಿ ವೃದ್ಧರಿಗೆಂದೇ ಪತ್ರ ಬರೆದರು, ಆಗ ಅವರಿಗೆ 79 ವರ್ಷ. ಪಾರ್ಕಿನ್‌ಸನ್ಸ್ ರೋಗದಲ್ಲಿ ಕೈ ನಡುಗುತ್ತಿದ್ದರೂ 2005ರ ಏಪ್ರಿಲಿನಲ್ಲಿ ಮರಣವಾಗುವವರೆಗೆ ಪದವಿಯಲ್ಲಿ ಉಳಿದರು. ಅವರ ನಂತರದ ಪೋಪ್ ಹದಿನಾರನೇ ಬೆನೆಡಿಕ್ಟರು ಶಕ್ತಿ ಸಾಲದೆಂದು 2013ರ ಫೆಬ್ರವರಿ 11ರಂದು ನಿವೃತ್ತಿ ಘೋಷಿಸಿದರು. ಪೋಪ್ ಫ್ರಾನ್ಸಿಸರು 2022ರಿಂದ ಗಾಲಿಕುರ್ಚಿಯಲ್ಲಿ ಬಂದರು, 2025ರ ಪಾಸ್ಖ ಹಬ್ಬದಂದು ಜನರನ್ನು ಹರಸಿ ಮರುದಿನ ತೀರಿಕೊಂಡರು. ಮೂವರೂ ಒಂದೇ ಸಭೆಯ ಕುರುಬರು. ಯಾರ ದಾರಿ ತಪ್ಪೆಂದು ಹೇಳುವ ಹಾಗಿಲ್ಲ.

ಪ್ರೀತಿಯ ಹಿರಿಯರೇ, ಕೆಲವು ನಿಯಮಗಳು ನಿಮಗೆ ತಿಳಿದಿರಲಿ, ಏಕೆಂದರೆ ತಿಳಿಯದೆ ನೀವು ಕಷ್ಟ ಪಡುತ್ತಿದ್ದೀರಿ. ಪರಮಪ್ರಸಾದಕ್ಕೆಂದು ಬೆಳಿಗ್ಗೆಯಿಂದ ಏನೂ ತಿನ್ನದೆ, ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ನುಂಗಿ ಬಂದು ಬೆಂಚಿನಲ್ಲಿ ತಲೆ ತಿರುಗಿ ಬೀಳುವವರಿದ್ದಾರೆ. ಸಾಮಾನ್ಯ ನಿಯಮ ಒಂದು ಗಂಟೆಯ ಉಪವಾಸ ಮಾತ್ರ. ನೀರು, ಔಷಧಿ ಅದನ್ನು ಮುರಿಯುವುದಿಲ್ಲ. ವೃದ್ಧರಿಗೆ, ರೋಗಿಗಳಿಗೆ ಮತ್ತು ಅವರ ಆರೈಕೆ ಮಾಡುವವರಿಗೆ ಆ ಒಂದು ಗಂಟೆಯ ಕಟ್ಟೂ ಇಲ್ಲ. ಇದು 1983ರ ಧರ್ಮಸಭೆಯ ನಿಯಮ ಸಂಹಿತೆಯ 919ನೆಯ ನಿಯಮ. ಇನ್ನು ಕೆಲವೇ ದಿನಗಳಲ್ಲಿ ತಪಸ್ಸುಕಾಲ ಬರುತ್ತದೆ, ಐವತ್ತೊಂಬತ್ತು ತುಂಬಿದವರಿಗೆ ಉಪವಾಸದ ಕಡ್ಡಾಯವಿಲ್ಲ. ಕಾಯಿಲೆಯಿಂದ ಭಾನುವಾರ ಬರಲಾಗದಿದ್ದರೆ ಅದು ಪಾಪವಲ್ಲ, ಪಾಪನಿವೇದನೆಯಲ್ಲಿ ಅತ್ತು ಹೇಳಬೇಕಾದ್ದಿಲ್ಲ.

ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ನಮ್ಮನ್ನು ಕರೆಯಲು ಇಂದಿಗೂ ಭಯ. ಫಾದರ್ ಎಣ್ಣೆ ಹಚ್ಚಿದರೆ ಮುಗಿಯಿತು ಎಂದು ಮಾತು ನಿಂತ ಮೇಲೆಯೇ ಫೋನು ಮಾಡುತ್ತಾರೆ. ಸಾಯುವವರಿಗೆ ಮಾತ್ರ ಇರುವ ಸಂಸ್ಕಾರವಲ್ಲ ಅದು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿದೆ. ಪೋಪ್ ಆರನೇ ಪೌಲರು 1972ರಲ್ಲಿ ಹೊಸ ವಿಧಿಯನ್ನು ಕೊಟ್ಟರು. ದೊಡ್ಡ ಆಪರೇಶನ್ನಿಗೆ ಮೊದಲು ಪಡೆಯಬಹುದು. ದೊಡ್ಡ ಕಾಯಿಲೆ ಕಾಣದಿದ್ದರೂ ಮುಪ್ಪಿನಿಂದ ಬಹಳ ಬಲಗುಂದಿದವರು ಪಡೆಯಬಹುದು. ಗುಣವಾಗಿ ಪುನಃ ಕಾಯಿಲೆ ಬಿದ್ದರೆ ಪುನಃ ಪಡೆಯಬಹುದು.

ಈ ತಿಂಗಳ 11ರಂದು ಲೂರ್ದು ಮಾತೆಯ ಹಬ್ಬ, 1993ರಿಂದ ಅದು ವಿಶ್ವ ರೋಗಿಗಳ ದಿನವೂ ಹೌದು. ಆ ದಿನ ಹತ್ತು ಗಂಟೆಯ ಬಲಿಪೂಜೆಯಲ್ಲಿ ಹಿರಿಯರಿಗೆ, ರೋಗಿಗಳಿಗೆ ಅಭ್ಯಂಗ ಇರುತ್ತದೆ. ಇಂದು ಆಶೀರ್ವದಿಸಿದ ಮೇಣದ ಬತ್ತಿಗಳನ್ನು ಬರಲಾಗದವರ ಮನೆಗೆ ಯುವಕರು ಈ ವಾರವೇ ತಲುಪಿಸುತ್ತಾರೆ. ವಾಹನ ಬೇಕಾದವರು ನಿಮ್ಮ ವಾಳೆಯ ಗುರಿಕಾರರಲ್ಲಿ ಹೆಸರು ಹೇಳಿ. ಮೇಸ್ತ್ರಿ ಬರುವ ದಿನವಾದರೆ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಬನ್ನಿ. ಮಾತ್ರೆ ತೆಗೆದುಕೊಂಡು, ಹೊಟ್ಟೆ ತುಂಬ ತಿಂಡಿ ತಿಂದು ಬನ್ನಿ.